ಹೊಲಿದದ್ದು ತಗ್ಗುತ್ತದೆ, ಬಿಟ್ಟದ್ದು ಉಬ್ಬುತ್ತದೆ: ಮನೆಯ ಮಷೀನಿನಲ್ಲೇ ಫ್ರೀ ಮೋಷನ್ ಕ್ವಿಲ್ಟಿಂಗ್

ಬಿಳಿ ಬಟ್ಟೆ, ಬಿಳಿ ನೂಲು, ಅದರ ಮೇಲೆ ಒಂದು ಮಾವಿನಕಾಯಿ. ಬಣ್ಣವಿಲ್ಲ, ಜರಿಯಿಲ್ಲ. ಆದರೂ ಕಿಟಕಿಯ ಬೆಳಕು ಅಡ್ಡ ಬಿದ್ದಾಗ ಕಾಯಿ ಬಟ್ಟೆಯಿಂದ ಎದ್ದು ಕಾಣುತ್ತದೆ. ಬೆರಳಾಡಿಸಿದರೆ ಸುತ್ತಲಿನ ನೆಲ ತರಿತರಿ, ಕಾಯಿ ಮಾತ್ರ ದಿಂಬಿನ ಹಾಗೆ ಮೆತ್ತಗೆ. ಕಾಯಿಯ ಒಳಗೆ ಒಂದು ಹೊಲಿಗೆಯೂ ಬಿದ್ದಿಲ್ಲ. ಸುತ್ತಲೂ ಒತ್ತಾಗಿ ಹೊಲಿದದ್ದಕ್ಕೇ ಅದು ಎದ್ದಿದೆ.

ಎರಡು ಬಟ್ಟೆಯ ನಡುವೆ ಮೆತ್ತನೆಯ ಒಳಪದರ ಇಟ್ಟು ಮೂರನ್ನೂ ಸೇರಿಸಿ ಹೊಲಿಯುವುದು ಕ್ವಿಲ್ಟಿಂಗ್. ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆ ಸರಿಸುತ್ತಾ ಹೊಲಿದರೆ ಅದು ಫ್ರೀ ಮೋಷನ್. ಇದನ್ನು ಕಲಿಯುವವರಿಗೆ ನಾನು ಮೊದಲು ಹೇಳುವುದು ಉಬ್ಬಿನ ಈ ಗುಟ್ಟನ್ನೇ. ನೂಲು ಚಿತ್ರ ಬಿಡಿಸುವುದಿಲ್ಲ, ಬಟ್ಟೆಯನ್ನು ಕೆಳಕ್ಕೆ ಒತ್ತುತ್ತದೆ. ಹೊಲಿದ ಜಾಗ ತಗ್ಗುತ್ತದೆ, ಬಿಟ್ಟ ಜಾಗ ಉಬ್ಬುತ್ತದೆ. ಈ ತಗ್ಗು ಉಬ್ಬಿನ ನಡುವೆ ಬೀಳುವ ನೆರಳೇ ನಮಗೆ ವಿನ್ಯಾಸವಾಗಿ ಕಾಣುವುದು.

ಕೌದಿ ಹೊದ್ದು ಬೆಳೆದವರಿಗೆ ಇದು ತೀರಾ ಹೊಸದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ. ಅಂಚಿನಿಂದ ಶುರುವಾದ ಕೈಹೊಲಿಗೆ ಸಾಲು ಸಾಲಾಗಿ ಒಳಕ್ಕೆ ಸುತ್ತುತ್ತಾ ನಡುವಿಗೆ ಬರುತ್ತದೆ. ಸಾಲುಗಳ ನಡುವಿನ ಬಟ್ಟೆ ಸಣ್ಣ ಅಲೆಯ ಹಾಗೆ ಏಳುತ್ತದೆ. ನಾವು ಮಷೀನಿನಲ್ಲಿ ಮಾಡಹೊರಟಿರುವುದೂ ಅದನ್ನೇ. ಮಷೀನಿನ ಕೆಲಸ ಕೈಹೊಲಿಗೆಗೆ ಸಮವಲ್ಲ ಎಂದು ಅಮೆರಿಕದ ಕ್ವಿಲ್ಟ್ ಲೋಕದಲ್ಲಿ ಬಹಳ ಕಾಲ ಅಂದುಕೊಂಡಿದ್ದರು. 1989ರಲ್ಲಿ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಕ್ವಿಲ್ಟ್‌ಗೆ ಅತ್ಯುತ್ತಮ ಬಹುಮಾನ ಬಂತು. ಮಷೀನಿನಲ್ಲಿ ಕ್ವಿಲ್ಟ್ ಮಾಡಿದ ಕೃತಿಗೆ ಅಲ್ಲಿ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು.

ಮಾಮೂಲಿ ಹೊಲಿಗೆಗೂ ಇದಕ್ಕೂ ಏನು ವ್ಯತ್ಯಾಸ

ರವಿಕೆ ಹೊಲಿಯುವಾಗ ಬಟ್ಟೆಯನ್ನು ಮುಂದಕ್ಕೆ ತಳ್ಳುವುದು ನೀವಲ್ಲ. ಸೂಜಿಯ ಕೆಳಗೆ ಇರುವ ಹಲ್ಲುಗಳು ಅದನ್ನು ಎಳೆದುಕೊಂಡು ಹೋಗುತ್ತವೆ. ಪ್ರತಿ ಹೊಲಿಗೆಯ ಉದ್ದವೂ ಅವುಗಳ ಲೆಕ್ಕ. ಫ್ರೀ ಮೋಷನ್‌ನಲ್ಲಿ ಆ ಹಲ್ಲುಗಳನ್ನು ಕೆಳಗಿಳಿಸುತ್ತೇವೆ. ಆಮೇಲೆ ಬಟ್ಟೆ ಎತ್ತ ಹೋಗಬೇಕು, ಎಷ್ಟು ಹೋಗಬೇಕು ಎನ್ನುವುದೆಲ್ಲ ನಿಮ್ಮ ಎರಡು ಕೈಗಳದ್ದು. ಹಿಂದೆ, ಮುಂದೆ, ಪಕ್ಕಕ್ಕೆ, ಸುತ್ತ, ಹೇಗೆ ಬೇಕಾದರೂ ಸರಿಸಬಹುದು. ಮಷೀನ್ ಎಂಬ್ರಾಯ್ಡರಿ ಮಾಡಿದವರಿಗೆ ಈ ರೀತಿ ಗೊತ್ತಿರುತ್ತದೆ. ಅಲ್ಲಿ ರಿಂಗ್ ಹಾಕಿ ಒಂದೇ ಬಟ್ಟೆಯನ್ನು ಬಿಗಿ ಹಿಡಿಯುತ್ತಾರೆ, ಇಲ್ಲಿ ಮೂರು ಪದರವನ್ನು ಅಂಗೈಯಲ್ಲೇ ಸರಿಸುತ್ತೇವೆ.

ಬೇಕಾಗುವ ಸಾಮಾನು

ಮಷೀನು ದುಬಾರಿಯದ್ದೇ ಆಗಬೇಕಿಲ್ಲ. ಹಲ್ಲು ಇಳಿಸುವ ಸೌಲಭ್ಯ ಇದ್ದರೆ ಒಳ್ಳೆಯದು. ಈಗಿನ ಎಷ್ಟೋ ಮಷೀನುಗಳಲ್ಲಿ ಹಿಂಬದಿಯಲ್ಲೋ ಬಾಬಿನ್ (ಕೆಳಗಿನ ನೂಲಿನ ಉರುಳೆ) ಹತ್ತಿರವೋ ಅದಕ್ಕೊಂದು ಸಣ್ಣ ಗುಂಡಿ ಇರುತ್ತದೆ. ಇಲ್ಲದಿದ್ದರೆ ಹಲ್ಲು ಮುಚ್ಚುವ ಪ್ಲೇಟ್ ಹಾಕಬಹುದು. ಅದೂ ಇಲ್ಲದಿದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ಇಟ್ಟುಬಿಡಿ, ಹಲ್ಲು ಮೇಲೆ ಕೆಳಗೆ ಆಡುತ್ತದೆ ಆದರೆ ಬಟ್ಟೆಯನ್ನು ಎಳೆಯುವುದಿಲ್ಲ. ಕಾಲಿನಲ್ಲಿ ತುಳಿಯುವ ಹಳೇ ಕಪ್ಪು ಮಷೀನಿನಲ್ಲೂ ಇದು ಆಗುತ್ತದೆ. ಎರಡೂ ಕೈ ಬಿಡುವಾಗಿರುತ್ತದಲ್ಲ, ಬೇಕಾದದ್ದು ಅದೇ.

ಡಾರ್ನಿಂಗ್ ಫುಟ್ ಮಾತ್ರ ಕೊಳ್ಳಲೇಬೇಕು. ಫುಟ್ ಅಂದರೆ ಸೂಜಿಯ ಜಾಗದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ. ಸ್ಪ್ರಿಂಗ್ ಇರುವ, ಕೆಳಗೆ ದುಂಡನೆಯ ಬಳೆಯಂಥ ಫುಟ್ ಅದು. ಸೂಜಿ ಕೆಳಗಿಳಿದಾಗ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ, ಮೇಲೆದ್ದಾಗ ಬಿಡುತ್ತದೆ. ಮುಂಭಾಗ ತೆರೆದಿರುವ ಫುಟ್ ಸಿಕ್ಕರೆ ಅದನ್ನೇ ತಗೊಳ್ಳಿ, ಹೊಲಿದ ಗೆರೆ ಚೆನ್ನಾಗಿ ಕಾಣುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಮಷೀನಿನ ಹಳೇ ಫುಟ್ ಒಂದನ್ನು ಜೊತೆಗೆ ಒಯ್ದರೆ ಅಳತೆ ತಪ್ಪುವುದಿಲ್ಲ.

ಸೂಜಿ 14 ನಂಬರ್, ಅಂದರೆ ಪ್ಯಾಕೆಟ್ ಮೇಲೆ 90/14 ಎಂದು ಇರುವುದು. ಹೊಸದನ್ನೇ ಹಾಕಿ. ಮೂರು ಪದರಕ್ಕೆ ಸೂಜಿ ಬೇಗ ಮೊಂಡಾಗುತ್ತದೆ, 8 ಗಂಟೆ ಹೊಲಿದ ಮೇಲೆ ಬದಲಿಸುವುದು ನನ್ನ ರೂಢಿ. ನೂಲು ಒಳ್ಳೆಯದಿರಲಿ. ಅಗ್ಗದ ನೂಲಿನಲ್ಲಿ ಗಂಟು, ಜುಂಗು ಜಾಸ್ತಿ, ಈ ವೇಗಕ್ಕೆ ಪಟಪಟ ಹರಿಯುತ್ತದೆ. ಕಲಿಯುವಾಗ ಮೇಲಿನ ನೂಲು, ಬಾಬಿನ್ ನೂಲು ಎರಡೂ ಒಂದೇ ಬಣ್ಣದ್ದಾಗಿರಲಿ.

ಒಳಗಿನ ಪದರಕ್ಕೆ ಎರಡು ದಾರಿ ಇವೆ. ಪಾಲಿಯೆಸ್ಟರ್ ಶೀಟು ಸುಲಭಕ್ಕೆ ಸಿಗುತ್ತದೆ, ಚೆನ್ನಾಗಿ ಉಬ್ಬುತ್ತದೆ. ತೆಳುವಾದದ್ದನ್ನೇ ಕೇಳಿ, ಸೋಫಾಕ್ಕೆ ಹಾಕುವ ದಪ್ಪದ್ದು ಬೇಡ. ಹತ್ತಿಯ ಪದರ ಚಪ್ಪಟೆ, ಆದರೆ ತೊಳೆದ ಮೇಲೆ ಸ್ವಲ್ಪ ಕುಗ್ಗಿ ಬಟ್ಟೆಯೆಲ್ಲ ಸಣ್ಣ ಸುಕ್ಕು ಹಿಡಿಯುತ್ತದೆ. ಆ ಹಳೇ ಕೌದಿಯ ಕಳೆ ನನಗೆ ಬಹಳ ಇಷ್ಟ. ಅಭ್ಯಾಸಕ್ಕಾದರೆ ಹಳೇ ಫ್ಲಾನೆಲ್ ಬಟ್ಟೆಯೂ ನಡೆಯುತ್ತದೆ.

ಇನ್ನೊಂದು, ಕೈಗೆ ಹಿಡಿತ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬೆರಳು, ಅಂಗೈಗೆ ರಬ್ಬರ್ ಬಳಿದ ಗ್ಲೌಸ್ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಬಟ್ಟೆಯನ್ನು ಗಟ್ಟಿಯಾಗಿ ಒತ್ತಬೇಕಾಗಿಲ್ಲ, ಭುಜ ನೋಯುವುದಿಲ್ಲ.

ಮೂರು ಪದರ ಸೇರಿಸುವುದು

ಅಭ್ಯಾಸಕ್ಕೆ 14 ಇಂಚು ಚೌಕದ ಹತ್ತಿ ಬಟ್ಟೆ ಎರಡು, ನಡುವೆ ಅದೇ ಅಳತೆಯ ಒಳಪದರ ಒಂದು ಸಾಕು. ಒಟ್ಟಿಗೆ ಇಂಥ ಹತ್ತು ತುಂಡು ಮಾಡಿ ಇಟ್ಟುಕೊಳ್ಳಿ. ಆಗ ಒಂದು ಹಾಳಾದರೆ ಬೇಜಾರಾಗುವುದಿಲ್ಲ. ನಿಜವಾದ ಕೆಲಸಕ್ಕೆ ಕೆಳಬಟ್ಟೆ ಮತ್ತು ಒಳಪದರವನ್ನು ಸುತ್ತಲೂ 2 ಇಂಚು ಜಾಸ್ತಿ ಬಿಡಿ.

ಕೆಳಬಟ್ಟೆಯನ್ನು ಉಲ್ಟಾ ಹಾಸಿ, ಅಂಚಿಗೆ ಟೇಪ್ ಹಚ್ಚಿ ನೆಲಕ್ಕೋ ಮೇಜಿಗೋ ಅಂಟಿಸಿ. ಸುಕ್ಕಿಲ್ಲದೆ ಸಪಾಟಾಗಿರಬೇಕು, ಹಾಗಂತ ಜಗ್ಗಿ ಬಿಗಿ ಮಾಡಬೇಡಿ. ಮೇಲೆ ಒಳಪದರ, ಅದರ ಮೇಲೆ ಮೇಲ್ಬಟ್ಟೆ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಆಮೇಲೆ ಮುಷ್ಟಿಯಷ್ಟು ಅಂತರಕ್ಕೊಂದು ಸೇಫ್ಟಿ ಪಿನ್ ಹಾಕಿ. ಮುಷ್ಟಿಯನ್ನು ಎಲ್ಲಿ ಊರಿದರೂ ಒಂದು ಪಿನ್ ತಗುಲಬೇಕು. ಪಿನ್ ಬೇಡ ಅಂದರೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬಹುದು. ಇಲ್ಲಿ ಸೋಮಾರಿತನ ಮಾಡಿದರೆ ಅದು ಹಿಂಬದಿಯಲ್ಲಿ ಕಾಣುತ್ತದೆ: ಕೆಳಬಟ್ಟೆ ಮಡಿಚಿಕೊಂಡು ಆ ಮಡಿಕೆಯ ಮೇಲೇ ಹೊಲಿಗೆ ಬಿದ್ದಿರುತ್ತದೆ. ಅದನ್ನು ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಮೂರು ಪಟ್ಟು ಹೊತ್ತು ಬೇಕು.

ಮಷೀನು ಮತ್ತು ಮೇಜು

ಮೊದಲು ಬಾಬಿನ್ ಜಾಗದ ಜುಂಗನ್ನೆಲ್ಲ ಬ್ರಷ್ಷಿನಿಂದ ತೆಗೆಯಿರಿ. ನಿಮ್ಮ ಮಷೀನು ಎಣ್ಣೆ ಬೇಡುವಂಥದ್ದಾದರೆ ಎರಡು ತೊಟ್ಟು ಎಣ್ಣೆ ಬಿಡಿ. ಹಲ್ಲು ಇಳಿಸಿ. ಡಾರ್ನಿಂಗ್ ಫುಟ್ ಹಾಕಿ. ಕೆಲವು ಫುಟ್‌ಗಳಿಗೆ ಪಕ್ಕದಲ್ಲೊಂದು ಕಡ್ಡಿ ಇರುತ್ತದೆ, ಅದು ಸೂಜಿ ಬಿಗಿಯುವ ಸ್ಕ್ರೂ ಮೇಲೆ ಕೂರಬೇಕು. ಇಲ್ಲದಿದ್ದರೆ ಫುಟ್ ಸೂಜಿಯ ಜೊತೆ ಏಳುವುದಿಲ್ಲ. ಮೇಲಿನ ಟೆನ್ಶನ್ ಅನ್ನು, ಅಂದರೆ ಮೇಲಿನ ನೂಲಿನ ಬಿಗಿಯನ್ನು, ಮಾಮೂಲಿಗಿಂತ ಒಂದು ಅಂಕಿ ಕಡಿಮೆ ಮಾಡಿ ಶುರು ಮಾಡಿ.

ಬಟ್ಟೆ ಜಾರಬೇಕು ಅಂದರೆ ಜಾಗ ಸಮತಟ್ಟಾಗಿರಬೇಕು. ಮಷೀನಿನ ಹೊಲಿಯುವ ಭಾಗ ಮೇಜಿಗಿಂತ ಎತ್ತರ ಇರುತ್ತದೆ, ಬಟ್ಟೆ ಅಂಚಿನಿಂದ ಜೋತುಬೀಳುತ್ತದೆ. ಆ ಭಾರವೇ ನಿಮ್ಮ ಕೈಯನ್ನು ಜಗ್ಗುತ್ತದೆ, ಹೊಲಿಗೆ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದೊಡ್ಡ. ಎಲೆಕ್ಟ್ರಾನಿಕ್ ಸಾಮಾನಿನ ಪೆಟ್ಟಿಗೆಯಲ್ಲಿ ಬರುವ ದಪ್ಪ ಥರ್ಮಾಕೋಲನ್ನು ಮಷೀನಿನ ಆಕಾರಕ್ಕೆ ಕತ್ತರಿಸಿ ಸುತ್ತ ಜೋಡಿಸಿ, ಮೇಲೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಸಿ. ನನ್ನ ಮೇಜು ಇವತ್ತಿಗೂ ಹೀಗೇ ಇದೆ. ಎಡಗಡೆಗೂ ಒಂದು ಸ್ಟೂಲೋ ಕುರ್ಚಿಯೋ ಇಟ್ಟು ಬಟ್ಟೆಯ ಭಾರ ಅದರ ಮೇಲೆ ಬೀಳುವ ಹಾಗೆ ನೋಡಿಕೊಳ್ಳಿ.

ಮೊದಲು ಪೆನ್ನು, ಆಮೇಲೆ ಸೂಜಿ

ನೂಲು ಪೋಣಿಸುವ ಮೊದಲು ಒಂದು ಹಾಳೆ ತಗೊಂಡು ಪೆನ್ನು ಎತ್ತದೆ ಗೆರೆ ಎಳೆಯಿರಿ. ಎಳೆ ರಂಗೋಲಿ ಹಾಕಿದ ಕೈಗೆ ಇದನ್ನು ಹೇಳಿಕೊಡುವುದೇ ಬೇಡ. ಚುಕ್ಕಿಗಳ ಸುತ್ತ ಒಂದೇ ಎಳೆ ತಿರುಗಿ ತಿರುಗಿ ಶುರುವಾದಲ್ಲಿಗೇ ಬರುತ್ತದಲ್ಲ, ಇಲ್ಲಿಯೂ ಹಾಗೆಯೇ: ನೂಲು ಕತ್ತರಿಸದೆ ಇಡೀ ಜಾಗ ತುಂಬಬೇಕು. ನಮ್ಮ ಅಕ್ಷರಗಳೂ ದುಂಡಗಿವೆ, ಅವನ್ನು ಕೂಡಿಸಿ ಬರೆಯುವುದೂ ಒಳ್ಳೆಯ ಅಭ್ಯಾಸ.

ಒಂದು ದೊಡ್ಡ ವ್ಯತ್ಯಾಸ ಇದೆ. ರಂಗೋಲಿಯಲ್ಲಿ ಕೈ ಆಡುತ್ತದೆ, ನೆಲ ನಿಂತಿರುತ್ತದೆ. ಇಲ್ಲಿ ಸೂಜಿ ನಿಂತಲ್ಲೇ ಇರುತ್ತದೆ, ನೆಲವೇ ಆಡಬೇಕು. ಅದಕ್ಕೆ ಹೀಗೆ ಮಾಡಿ: ಪೆನ್ನನ್ನು ಬೇರೆಯವರ ಕೈಯಲ್ಲಿ ನೆಟ್ಟಗೆ ಹಿಡಿಸಿ, ನೀವು ಎರಡೂ ಕೈಯಿಂದ ಹಾಳೆಯನ್ನು ಸರಿಸುತ್ತಾ ಒಂದು ಸೊನ್ನೆ ಬರೆಯಿರಿ. ಐದು ನಿಮಿಷ ಇದನ್ನು ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲ ಹೊಲಿಗೆ

ಬಟ್ಟೆಯನ್ನು ಸೂಜಿಯ ಕೆಳಗಿಡಿ. ಫುಟ್ ಇಳಿಸಿ. ಇದನ್ನು ಮರೆಯುವವರೇ ಜಾಸ್ತಿ, ಏಕೆಂದರೆ ಡಾರ್ನಿಂಗ್ ಫುಟ್ ಇಳಿಸಿದರೂ ಬಟ್ಟೆಗೆ ತಾಗದೆ ತೇಲುತ್ತಿರುತ್ತದೆ. ಫುಟ್ ಇಳಿಸುವ ಹಿಡಿಯನ್ನು ಕೆಳಗೆ ತರದಿದ್ದರೆ ಮೇಲಿನ ನೂಲಿಗೆ ಟೆನ್ಶನ್ನೇ ಬೀಳುವುದಿಲ್ಲ, ಕೆಳಗಡೆ ಗುಬ್ಬಚ್ಚಿ ಗೂಡಿನ ಹಾಗೆ ನೂಲು ಸುತ್ತಿಕೊಳ್ಳುತ್ತದೆ.

ಕೈಚಕ್ರವನ್ನು ಒಂದು ಸುತ್ತು ನಿಮ್ಮ ಕಡೆಗೆ ತಿರುಗಿಸಿ, ಮೇಲಿನ ನೂಲನ್ನು ಮೆಲ್ಲಗೆ ಎಳೆದರೆ ಬಾಬಿನ್ ನೂಲು ಮೇಲೆ ಬರುತ್ತದೆ. ಎರಡೂ ನೂಲನ್ನು ಬೆರಳಲ್ಲಿ ಹಿಡಿದು, ಅದೇ ಜಾಗದಲ್ಲಿ ಬಹಳ ಸಣ್ಣದಾಗಿ ಮೂರು ನಾಲ್ಕು ಹೊಲಿಗೆ ಹಾಕಿ. ನೂಲು ಗಟ್ಟಿಯಾಯಿತು. ಇನ್ನು ಸರಿಸಿ.

ವೇಗದ ಲೆಕ್ಕ ಒಂದು ಸಲ ತಲೆಗೆ ಹೋದರೆ ಸಾಕು. ಮಷೀನು ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ ಅಂದುಕೊಳ್ಳಿ. ಇಂಚಿಗೆ 10 ಹೊಲಿಗೆ ನೋಡಲು ಚೆನ್ನ. ಹಾಗಾದರೆ ನಿಮ್ಮ ಕೈ ನಿಮಿಷಕ್ಕೆ 60 ಇಂಚು, ಅಂದರೆ ಸೆಕೆಂಡಿಗೆ ಒಂದು ಇಂಚು ಸರಿಯಬೇಕು. ಹೊಸಬರು ಹೆದರಿ ಪೆಡಲನ್ನು ಮೆಲ್ಲಗೆ ಒತ್ತಿ, ಕೈಯನ್ನು ಜೋರಾಗಿ ಎಳೆಯುತ್ತಾರೆ. ಆಗ ಹೊಲಿಗೆ ಅರ್ಧ ಇಂಚು ಉದ್ದ ಬೀಳುತ್ತದೆ, ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯಲೂಬಹುದು. ಮಾಡಬೇಕಾದ್ದು ಉಲ್ಟಾ: ಮಷೀನು ಸ್ವಲ್ಪ ಜೋರು, ಕೈ ನಿಧಾನ. ಮಷೀನಿನ ಸದ್ದು ಒಂದೇ ಸಮ ಇರಲಿ. ಸದ್ದು ಏರಿಳಿದರೆ ಹೊಲಿಗೆಯೂ ಏರಿಳಿಯುತ್ತದೆ.

ಕಣ್ಣು ಸೂಜಿಯ ಮೇಲೆ ಬೇಡ. ಸೈಕಲ್ ತುಳಿಯುವಾಗ ಮುಂದಿನ ಚಕ್ರ ನೋಡುತ್ತೇವಾ? ಮುಂದೆ ಹೋಗಬೇಕಾದ ಜಾಗವನ್ನು ನೋಡಿ. ಕೈ ಬದಲಿಸಬೇಕಾದರೆ ಸೂಜಿ ಬಟ್ಟೆಯೊಳಗೆ ಇಳಿದಿರುವಾಗಲೇ ನಿಲ್ಲಿಸಿ, ಗೆರೆ ಜಿಗಿಯುವುದಿಲ್ಲ. ಬಟ್ಟೆಯನ್ನು ತಿರುಗಿಸಬೇಡಿ. ಸ್ಟೇರಿಂಗ್ ತಿರುಗಿಸಿದ ಹಾಗಲ್ಲ ಇದು, ಬಟ್ಟೆಯ ಮುಖ ಒಂದೇ ಕಡೆ ಇದ್ದು ಅತ್ತಿತ್ತ ಜಾರಬೇಕು.

ಹಿಂಬದಿ ತಿರುಗಿಸಿ ನೋಡಿ

ಹತ್ತು ಇಂಚು ಹೊಲಿದ ಮೇಲೆ ನಿಲ್ಲಿಸಿ ತಿರುಗಿಸಿ. ಹಿಂಬದಿ ಸುಳ್ಳು ಹೇಳುವುದಿಲ್ಲ.

ಬಾಬಿನ್ ನೂಲು ಮೇಲೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನ ಟೆನ್ಶನ್ ಜಾಸ್ತಿ ಇದೆ, ಇಳಿಸಿ. ಹಿಂಬದಿಯಲ್ಲಿ ಬಾಬಿನ್ ನೂಲು ನೆಟ್ಟಗೆ ದಾರ ಇಟ್ಟ ಹಾಗೆ ಬಿದ್ದು, ಅದರ ಮೇಲೆ ಮೇಲಿನ ನೂಲು ಕುಣಿಕೆ ಕುಣಿಕೆಯಾಗಿದ್ದರೆ ಮೇಲಿನ ಟೆನ್ಶನ್ ಸಾಲದು, ಏರಿಸಿ. ತಿರುವುಗಳಲ್ಲಿ ಮಾತ್ರ ರೆಪ್ಪೆಗೂದಲಿನ ಹಾಗೆ ಕುಣಿಕೆ ನಿಂತಿದ್ದರೆ ಅದು ಟೆನ್ಶನ್ ತಪ್ಪಲ್ಲ, ಕೈ ತಪ್ಪು. ತಿರುವು ಬಂದಾಗ ನಾವು ಗೊತ್ತಿಲ್ಲದೆ ಕೈ ಜೋರು ಮಾಡುತ್ತೇವೆ. ಅಲ್ಲಿ ನಿಧಾನ ಮಾಡಿ.

ಇದು ಯಾವುದಕ್ಕೂ ಬಗ್ಗದಿದ್ದರೆ ಸ್ಕ್ರೂ ತಿರುವುತ್ತಾ ಕೂರಬೇಡಿ. ಫುಟ್ ಎತ್ತಿ, ಮೇಲಿನ ನೂಲನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ, ಸೂಜಿ ಬದಲಿಸಿ. ಬಹುತೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕೈ ಪಳಗಿಸುವ ವಿನ್ಯಾಸಗಳು

ಮೊದಲನೆಯದು ಹಾವಿನ ನಡಿಗೆ. ಗೆರೆ ಅಂಕುಡೊಂಕಾಗಿ ಹರಿಯುತ್ತಾ ಹೋಗಬೇಕು, ಎಲ್ಲೂ ತನ್ನನ್ನೇ ದಾಟಬಾರದು. ತಿರುವುಗಳ ನಡುವೆ ಒಂದು ಇಂಚು ಬಿಟ್ಟರೆ ಮಿಯಾಂಡರ್ ಅನ್ನುತ್ತಾರೆ, ಹೊದಿಕೆ ಮೆತ್ತಗೆ ಇರುತ್ತದೆ. ಕಾಲು ಇಂಚಿಗೋ ಅದಕ್ಕಿಂತ ಕಡಿಮೆಗೋ ಇಳಿಸಿದರೆ ಸ್ಟಿಪ್ಲಿಂಗ್, ಬಟ್ಟೆ ಚಪ್ಪಟೆಯಾಗಿ ತರಿತರಿಯಾಗುತ್ತದೆ. ಸಾಲು ಸಾಲಾಗಿ ಮಾಡಬೇಡಿ, ಆಗ ಹೊಲಿದದ್ದು ಗೆರೆಗೆರೆಯಾಗಿ ಕಾಣುತ್ತದೆ. ಒಂದು ತಿರುವು ಎಡಕ್ಕೆ, ಒಂದು ಮೇಲಕ್ಕೆ, ಒಂದು ವಾಪಸ್ಸು, ಹೀಗೆ ಎಲ್ಲ ದಿಕ್ಕಿಗೂ ಓಡಲಿ.

ಎರಡನೆಯದು ಮರದ ಗೆರೆ, ಇದು ಬಹಳ ಸುಲಭ. ಒಂದು ಅಲೆಯಂಥ ಗೆರೆ ಎಳೆಯಿರಿ, ಕೊನೆಯಲ್ಲಿ ತಿರುಗಿ ಅದರ ಪಕ್ಕದಲ್ಲೇ ವಾಪಸ್ಸು ಬನ್ನಿ. ಅಲ್ಲಲ್ಲಿ ಕಣ್ಣಿನಾಕಾರದ ಗಂಟು ಹಾಕಿದರೆ ಹಲಗೆಯ ಹಾಗೆಯೇ ಕಾಣುತ್ತದೆ. ಗೆರೆಗಳು ಸಮ ಬರದಿದ್ದರೂ ಇದು ಕೆಡುವುದಿಲ್ಲ, ಅದಕ್ಕೇ ಕಲಿಯುವವರಿಗೆ ನಾನು ಇದನ್ನು ಬೇಗ ಕೊಡುತ್ತೇನೆ.

ಸುರುಳಿಯಲ್ಲಿ ಒಂದು ಜಾಣತನ ಬೇಕು. ಚಕ್ಕುಲಿ ಒತ್ತುವಾಗ ಒಳಗಿನಿಂದ ಹೊರಗೆ ಸುತ್ತುತ್ತೇವೆ. ಇಲ್ಲಿ ಹೊರಗಿನಿಂದ ಒಳಗೆ ಹೋಗಬೇಕು, ಮತ್ತೆ ಹೊರಗೂ ಬರಬೇಕು. ಹಾಗಾಗಿ ಒಳಗೆ ಸುತ್ತುವಾಗ ಸುತ್ತುಗಳ ನಡುವೆ ಎರಡರಷ್ಟು ಜಾಗ ಬಿಡಿ, ಹೊರಬರುವ ಗೆರೆ ಆ ಜಾಗದ ನಡುವೆ ಬರುತ್ತದೆ. ಹೊರಬಂದ ಮೇಲೆ ಹಿಂದಿನ ಸುರುಳಿಯ ಬೆನ್ನನ್ನು ಒಂದು ಸಲ ಸವರಿ ಮುಂದಿನದಕ್ಕೆ ಹೋಗಿ.

ಕಡೆಯದು ಬೆಣಚುಕಲ್ಲು. ನದಿಯಂಚಿನ ಉರುಟು ಕಲ್ಲುಗಳ ಹಾಗೆ ಸಣ್ಣ ದೊಡ್ಡ ಸೊನ್ನೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಂದು ಸೊನ್ನೆ ಸುತ್ತಿ, ಮುಂದಿನದು ತಾಗಬೇಕಾದ ಜಾಗದವರೆಗೆ ಅದರ ಮೇಲೆಯೇ ಮತ್ತೆ ಅರ್ಧ ಸುತ್ತು ಬನ್ನಿ, ಅಲ್ಲಿಂದ ಮುಂದಿನ ಸೊನ್ನೆ ಶುರು. ಕಾಲು ಇಂಚಿನದು, ಅರ್ಧ ಇಂಚಿನದು ಬೆರೆಸಿ ಹಾಕಿ. ಉಬ್ಬಿನಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಆದರೆ ನೂಲನ್ನೂ ಹೊತ್ತನ್ನೂ ನುಂಗುತ್ತದೆ, ದೊಡ್ಡ ಹೊದಿಕೆಗೆ ಬೇಡ, ಸಣ್ಣ ಜಾಗಕ್ಕೆ ಇರಲಿ.

ದಿನಕ್ಕೆ 15 ನಿಮಿಷ, ಒಂದು ವಿನ್ಯಾಸಕ್ಕೆ ಒಂದು ವಾರ ಕೊಡಿ. ಪ್ರತಿ ತುಂಡಿನ ಮೇಲೆ ತಾರೀಖು ಬರೆದಿಡಿ, ಬಿಸಾಡಬೇಡಿ.

ಮಾವಿನಕಾಯಿ ಎಬ್ಬಿಸುವುದು

ಈಗ ಶುರುವಿನಲ್ಲಿ ಹೇಳಿದ ತುಂಡಿಗೆ ಬರೋಣ. 14 ಇಂಚಿನ ಬಟ್ಟೆಯ ನಡುವೆ 5 ಇಂಚಿನ ಮಾವಿನಕಾಯಿ ಬರೆಯಿರಿ. ಸೀರೆಯಂಚಿನ ಬುಟ್ಟಾ ನೋಡಿ ಬರೆದರೂ ಆಯಿತು. ಟೈಲರ್‌ಗಳು ಮಾಡುವ ಹಾಗೆ ಸವೆದ ಸೋಪಿನ ಚೂರಿನಲ್ಲಿ ಗುರುತು ಹಾಕಬಹುದು, ಬಿಳಿ ಬಟ್ಟೆಗಾದರೆ ನೀರಿಗೆ ಹೋಗುವ ನೀಲಿ ಪೆನ್ನು. ಆ ನೀಲಿ ಗೆರೆಗೆ ನೀರು ಹಾಕುವ ಮೊದಲು ಇಸ್ತ್ರಿ ತಾಗಿಸಬೇಡಿ, ಆಮೇಲೆ ಹೋಗುವುದಿಲ್ಲ.

ಗೆರೆಯ ಮೇಲೆ ಒಂದು ಸುತ್ತು ಹೊಲಿಯಿರಿ, ನಿಧಾನಕ್ಕೆ. ಇನ್ನು ಕಾಯಿಯ ಒಳಗೆ ಹೋಗಲೇಬಾರದು. ಹೊರಗಡೆ, ಗೆರೆಗೆ ಒತ್ತಿಕೊಂಡೇ, 3 ಮಿಲಿಮೀಟರ್ ಅಂತರದ ಹಾವಿನ ನಡಿಗೆ ಶುರು ಮಾಡಿ. ಕಾಯಿಯ ಅಂಚಿನಲ್ಲಿ ಹೊಲಿಯದ ಸಂದು ಉಳಿದರೆ ಅಲ್ಲಿ ನೆಲವೂ ಉಬ್ಬಿ ಅಂಚು ಮಸುಕಾಗುತ್ತದೆ. ಹಾಗಾಗಿ ಪ್ರತಿ ತಿರುವೂ ಗೆರೆಯನ್ನು ಮುಟ್ಟಿ ಬರಲಿ. ಸುತ್ತಲೂ ಎರಡು ಇಂಚು ತುಂಬಿದ ಮೇಲೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಬಟ್ಟೆಯ ಪಕ್ಕದಿಂದ ಬಿಡಿ. ಕಾಯಿ ಎದ್ದಿರುವುದು ಆಗ ಕಾಣುತ್ತದೆ. ನಾನು ಮೊದಲ ಸಲ ನೋಡಿದ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದ್ದೆ.

ಇನ್ನೂ ಉಬ್ಬಬೇಕಾ? ಮೇಲ್ಬಟ್ಟೆಯ ಕೆಳಗೆ, ಕಾಯಿ ಇರುವ ಜಾಗಕ್ಕೆ ಮಾತ್ರ, ಇನ್ನೊಂದು ತುಂಡು ಪಾಲಿಯೆಸ್ಟರ್ ಶೀಟ್ ಇಟ್ಟು ಗೆರೆಯ ಮೇಲೆ ಹೊಲಿದು, ಹೊರಗೆ ಉಳಿದದ್ದನ್ನು ಹಿಂಬದಿಯಿಂದ ಗೆರೆಯ ಪಕ್ಕಕ್ಕೇ ಕತ್ತರಿಸಿ. ಮೂರು ಪದರ ಸೇರಿಸುವುದು ಇದಾದ ಮೇಲೆ. ಈ ರೀತಿಗೆ ಟ್ರಾಪುಂಟೋ ಎಂದು ಹೆಸರು.

ನೂಲಿನ ಬಣ್ಣ ಬಟ್ಟೆಯದ್ದೇ ಆಗಿರಲಿ. ಬೇರೆ ಬಣ್ಣವಾದರೆ ಕಣ್ಣು ನೂಲನ್ನು ನೋಡುತ್ತದೆ, ನೆರಳನ್ನು ನೋಡುವುದಿಲ್ಲ. ಹೂವಿನ ಚಿತ್ತಾರದ ಬಟ್ಟೆಯಲ್ಲಿ ಈ ಕೆಲಸವೆಲ್ಲ ಮುಚ್ಚಿಹೋಗುತ್ತದೆ, ಒಂದೇ ಬಣ್ಣದ ಬಟ್ಟೆಯನ್ನೇ ಆರಿಸಿ.

ಅಂಚು ಹಪ್ಪಳವಾಗದಂತೆ

ನನ್ನ ಮೊದಲ ಟೇಬಲ್ ರನ್ನರ್ ನಡುವೆ ಬೆಣಚುಕಲ್ಲು ತುಂಬಿ ತುಂಬಿ ಹಾಕಿದ್ದೆ. ಅಂಚಿನ ಕಡೆ ನೂಲು ಉಳಿಸೋಣ ಅಂತ ದೂರ ದೂರ ಹೊಲಿದೆ. ಮುಗಿಸಿ ಮೇಜಿನ ಮೇಲೆ ಹಾಸಿದರೆ ಅಂಚೆಲ್ಲ ಕರಿದ ಹಪ್ಪಳದ ಹಾಗೆ ಅಲೆ ಅಲೆ. ಎಷ್ಟು ಇಸ್ತ್ರಿ ಹಾಕಿದರೂ ಕೂರಲಿಲ್ಲ. ಹೊಲಿಗೆ ಒತ್ತಾದಷ್ಟೂ ಬಟ್ಟೆ ಕುಗ್ಗುತ್ತದೆ. ನಡು ಕುಗ್ಗಿ ಅಂಚು ಹಾಗೆಯೇ ಉಳಿದರೆ ಆ ಹೆಚ್ಚಿನ ಬಟ್ಟೆ ಎಲ್ಲಿ ಹೋಗಬೇಕು? ಅಲೆಯಾಗಿ ಏಳುತ್ತದೆ.

ಹಾಗಾಗಿ ಒತ್ತು ಜಾಗ, ಬಿಡಿ ಜಾಗ ಎರಡೂ ಇಡೀ ಬಟ್ಟೆಯಲ್ಲಿ ಹರಡಿರಲಿ. ನಡುವಿನಲ್ಲಿ ಒತ್ತು ಇದ್ದರೆ ಅಂಚಿನಲ್ಲೂ ಅಷ್ಟೇ ಒತ್ತು ಬೇಕು. ಹೊಲಿಗೆ ಯಾವಾಗಲೂ ನಡುವಿನಿಂದ ಹೊರಕ್ಕೆ ಸಾಗಲಿ. ಕುಗ್ಗುವ ಲೆಕ್ಕ ಹಿಡಿದು ಬಟ್ಟೆಯನ್ನು ಒಂದೆರಡು ಇಂಚು ದೊಡ್ಡದಾಗಿ ಕತ್ತರಿಸಿ, ಹೊಲಿಗೆ ಮುಗಿದ ಮೇಲೆ ಬೇಕಾದ ಅಳತೆಗೆ ತನ್ನಿ.

ಮೊದಲ ಪೂರ್ತಿ ಕೆಲಸ

ಮಂಚದ ಹೊದಿಕೆಗೆ ಕೈಹಾಕಬೇಡಿ. 16 ಇಂಚಿನ ಕುಶನ್ ಕವರ್ ಸಾಕು, ಮಷೀನಿನ ಕತ್ತಿನೊಳಗೆ ಸುಲಭಕ್ಕೆ ತಿರುಗುತ್ತದೆ. 18 ಇಂಚಿಗೆ ಕತ್ತರಿಸಿ, ಮೂಲೆಯಲ್ಲಿ ನಾಲ್ಕು ಮಾವಿನಕಾಯಿ, ನಡುವೆ ಒಂದು ಸುರುಳಿ, ಉಳಿದ ನೆಲಕ್ಕೆಲ್ಲ ಹಾವಿನ ನಡಿಗೆ. ನೂಲಿನ ತುದಿಗಳನ್ನು ಕತ್ತರಿಸಿಬಿಡುವ ಬದಲು ಗಂಟು ಹಾಕಿ, ಕೈಸೂಜಿಗೆ ಪೋಣಿಸಿ ಪದರದೊಳಗೆ ಎಳೆದುಬಿಡಿ. ಅಂಚನ್ನು 16 ಇಂಚಿನ ಮೇಲೆ ಹೊಲಿಗೆಯ ಬಿಡು ಸೇರಿಸಿ ಕತ್ತರಿಸಿ, ಹಿಂಬದಿ ಜೋಡಿಸಿ.

ಮುಗಿದ ಮೇಲೆ ತಣ್ಣೀರಿನಲ್ಲಿ ನೆನೆಸಿ, ನೀಲಿ ಗುರುತು ಪೂರ್ತಿ ಹೋಗುವವರೆಗೆ ಜಾಲಿಸಿ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ, ನಾಲ್ಕು ಮೂಲೆಯನ್ನು ಕೈಯಿಂದ ನೇರ ಮಾಡಿ ಒಣಗಲು ಬಿಡಿ. ಮೇಲಿಂದ ಇಸ್ತ್ರಿ ಬೇಡವೇ ಬೇಡ, ಅಷ್ಟು ಕಷ್ಟಪಟ್ಟು ಎಬ್ಬಿಸಿದ ಉಬ್ಬೆಲ್ಲ ಅದರ ಅಡಿ ಕೂತುಬಿಡುತ್ತದೆ.